ನಕ್ಷೆಯಲ್ಲಿ ಪಾವಗಡ ಯಾಕೆ ಬಿಡಿಯಾಗಿದೆ?

ಮೇಷ್ಟ್ರೇ, ಮುಂದಿನ ವಾರ ಮಕ್ಕಳಿಗೆ ನಕ್ಷೆ ಪಾಠ ಅಂದ್ರಲ್ಲ, ಒಂದು ಮಾತು ಹೇಳ್ಲಾ? ಗೋಡೆ ಮೇಲಿನ ಭಾರತದ ನಕ್ಷೆ ಸ್ವಲ್ಪ ದಿನ ಸುತ್ತಿಟ್ಟಿರಿ. ಮೊದಲು ನಮ್ಮ ತುಮಕೂರು ಜಿಲ್ಲೆಯದನ್ನ ನೆಲದ ಮೇಲೆ ಹರವಿ, ಮಕ್ಕಳನ್ನ ಸುತ್ತ ಕೂರಿಸಿ ಸುಮ್ಮನಿರಿ. ಯಾವುದಾದರೂ ಮಗು ಕೇಳೇ ಕೇಳುತ್ತೆ, "ಸಾ, ಈ ತುಂಡು ಯಾಕೆ ಬೇರೆ ಐತೆ?"

ಆ ತುಂಡು ಪಾವಗಡ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ಸೇರಿ ಒಂದೇ ಶೈಕ್ಷಣಿಕ ಜಿಲ್ಲೆ. ಆದರೆ ನಮ್ಮ ಮಧುಗಿರಿಯಿಂದ ಪಾವಗಡಕ್ಕೆ ಹೊರಟ ಬಸ್ಸು ನಡುವೆ ಆಂಧ್ರದ ನೆಲ ದಾಟಿಕೊಂಡೇ ಹೋಗಬೇಕು. ಹಿಂದೆ ಪಾವಗಡ ಮೈಸೂರು ಸಂಸ್ಥಾನದ್ದು, ಪಕ್ಕದ ಮಡಕಶಿರಾ ಬ್ರಿಟಿಷರ ಮದ್ರಾಸ್ ಪ್ರಾಂತ್ಯದ್ದು. 1953ರಲ್ಲಿ ಆಂಧ್ರ ರಾಜ್ಯ ಆದಾಗ ಮಡಕಶಿರಾ ಅತ್ತ ಹೋಯ್ತು, ಪಾವಗಡ ಇತ್ತಲೇ ಉಳೀತು. ಗಡಿ ಅನ್ನೋದು ಮನುಷ್ಯರು ಎಳೆದ ಗೆರೆ ಅಂತ ಹೇಳಿಕೊಡೋಕೆ ಇದಕ್ಕಿಂತ ಒಳ್ಳೆ ಪಾಠ ರಾಜ್ಯದಲ್ಲಿ ಎಷ್ಟು ಮೇಷ್ಟ್ರಿಗೆ ಸಿಕ್ಕೀತು, ಹೇಳಿ!

ನೀರು ಆ ಗೆರೆ ನೋಡಲ್ಲ. ದೇವರಾಯನದುರ್ಗದಲ್ಲಿ ಹುಟ್ಟೋ ಜಯಮಂಗಲಿ ಕೊರಟಗೆರೆ, ಮಧುಗಿರಿ ತಾಲ್ಲೂಕು ಹಾದು ಆಂಧ್ರದ ಪರಿಗಿ ಹತ್ರ ಉತ್ತರ ಪಿನಾಕಿನಿ ಸೇರುತ್ತೆ. ಆ ಪಿನಾಕಿನಿ ಮತ್ತೆ ನಮ್ಮ ಪಾವಗಡದ ನಾಗಲಮಡಿಕೆ ಮುಟ್ಟಿ, ತಿರುಗಿ ಆಂಧ್ರಕ್ಕೆ ಹೋಗಿ, ನೆಲ್ಲೂರಿನ ಆಚೆ ಬಂಗಾಳ ಕೊಲ್ಲಿಗೆ ಬೀಳುತ್ತೆ. ಅದೇ ದೇವರಾಯನದುರ್ಗದ ಗುಡ್ಡಗಳಲ್ಲಿ ಹುಟ್ಟೋ ಶಿಂಷಾ ಮಾತ್ರ ದಕ್ಷಿಣಕ್ಕೆ ಇಳಿದು ಕಾವೇರಿ ಪಾಲಾಗುತ್ತೆ. ಶಿರಾ ಸೀಮೆಯ ಸುವರ್ಣಮುಖಿಯದು ಇನ್ನೊಂದು ದಾರಿ: ಹಿರಿಯೂರಿನ ಕಡೆ ವೇದಾವತಿ ಸೇರಿ, ತುಂಗಭದ್ರೆಯ ಮೂಲಕ ಕೃಷ್ಣೆಗೆ. ಹೆಚ್ಚು ಕಾಲ ಮರಳೇ ಕಾಣೋ ಹಳ್ಳಗಳು ಇವು, ನಿಜ. ಹಾಗಂತ ಬಿಡಬೇಡಿ. ಮಳೆ ಬಂದ ದಿನ ಮಕ್ಕಳನ್ನ ಸ್ಕೂಲಿನ ಅಂಗಳಕ್ಕೆ ಕರ್ಕೊಂಡು ಬನ್ನಿ, ನೀರು ಯಾವ ಮೂಲೆಗೆ ಓಡುತ್ತೆ ಅಂತ ಸೀಮೆಸುಣ್ಣದಲ್ಲಿ ಬಾಣ ಹಾಕಿಸಿ. ಇಳಿಜಾರು ಗೊತ್ತಾದ ಮಗುವಿಗೆ ನದಿ ಗೊತ್ತಾಗುತ್ತೆ. ಹೆಸರುಗಳನ್ನ ಆಮೇಲೆ ಕಲಿತರಾಯ್ತು.

ದಿಕ್ಕಿನ ಪಾಠಕ್ಕಂತೂ ನಮಗೆ ಮಧುಗಿರಿ ಬೆಟ್ಟವೇ ಇದೆ. ಸಮುದ್ರಮಟ್ಟದಿಂದ ಸುಮಾರು 1,193 ಮೀಟರ್ ಎತ್ತರದ ಏಕಶಿಲೆ. ಒಂದು ಹಳ್ಳಿ ಮಗುವಿಗೆ ಅದು ಮೂಡಲಿಗೆ, ಇನ್ನೊಂದು ಹಳ್ಳಿಯದಕ್ಕೆ ಪಡುವಲಿಗೆ. ಇಬ್ಬರನ್ನೂ ಎದ್ದು ನಿಲ್ಲಿಸಿ ಕೇಳಿ, ಜಗಳ ಆಗಲಿ ಬಿಡಿ. ನಿಂತ ಜಾಗ ಬದಲಾದರೆ ದಿಕ್ಕೂ ಬದಲಾಗುತ್ತೆ ಅನ್ನೋದು ಆ ಜಗಳದಲ್ಲೇ ಅವರಿಗೆ ಹೊಳೆಯುತ್ತೆ. "ಮೇಲೆ ಉತ್ತರ, ಕೆಳಗೆ ದಕ್ಷಿಣ" ಅಂತ ಬಾಯಿಪಾಠ ಮಾಡಿಸಿದ ಮಕ್ಕಳು ಉತ್ತರ ಎಲ್ಲಿ ಅಂದ್ರೆ ಆಕಾಶ ತೋರಿಸ್ತಾರೆ, ನನಗೆ ಸಂಕಟ ಆಗುತ್ತೆ.

ಹವಾಗುಣದ ಪಾಠಕ್ಕೆ ಪಾವಗಡದ ತಿರುಮಣಿ ಕಡೆಯ ಸೋಲಾರ್ ಪಾರ್ಕ್ ಸಾಕು. ಐದು ಹಳ್ಳಿಗಳ ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಮಳೆ ಕಮ್ಮಿ, ಬಿಸಿಲು ಜಾಸ್ತಿ ಇರೋ ಊರಲ್ಲಿ ರೈತರು ಹೊಲವನ್ನ ಯಾಕೆ ಗುತ್ತಿಗೆಗೆ ಕೊಟ್ಟರು ಅಂತ ಮಕ್ಕಳೇ ಯೋಚಿಸಲಿ.

ಇನ್ನೊಂದು ಆಸೆ ಇದೆ ಮೇಷ್ಟ್ರೇ. ನಾಗಲಮಡಿಕೆ ಕಡೆ ನಿಮಗೆ ಗುರುತಿನ ಶಿಕ್ಷಕರಿದ್ದರೆ ಕೇಳಿ ನೋಡಿ. ನಮ್ಮ ಮಕ್ಕಳು ಜಯಮಂಗಲಿ ಬಗ್ಗೆ ಒಂದು ಕಾಗದ ಬರೀಲಿ, ಅಲ್ಲಿನ ಮಕ್ಕಳು ಪಿನಾಕಿನಿ ಬಗ್ಗೆ ಉತ್ತರ ಬರೀಲಿ. ಅಂಚೆ ಖರ್ಚು ನನ್ನದು.