ಎತ್ತಿಗೆ ಜ್ವರ, ಲೆನ್ಸಿಗೆ ಬರೆ

ಅಟ್ಟದಿಂದ ಪ್ಲೇಸ್ಟೇಷನ್ 2 ಇಳಿಸುವ ಹುಚ್ಚು ಮತ್ತೆ ಶುರುವಾಗಿದೆ. ಕೂದಲು ತೆಳುವಾಗಿ ಇಎಂಐ ದಪ್ಪವಾದ ವಯಸ್ಸಿನ ಗಂಡಸರು, ಕಾಲೇಜು ದಿನಗಳಲ್ಲಿ ನಕಲಿ ಡಿಸ್ಕ್ ಓಡಲೆಂದು ಚಿಪ್ ಹಾಕಿಸಿದ್ದ ಆ ಕಪ್ಪು ಪೆಟ್ಟಿಗೆಯ ಧೂಳು ಕೊಡವಿ, ಎಲ್ಲಿಂದಲೋ ಆಟ ಇಳಿಸಿಕೊಂಡು, ಡಿವಿಡಿಗೆ ಬರೆದು, ಒಳಗೆ ತಳ್ಳಿ ಕಾಯುತ್ತಾರೆ. ಟಕ್ ಟಕ್ ಟಕ್. ಆಟ ಬರುವುದಿಲ್ಲ. ಕೂಡಲೇ ತೀರ್ಪು: ‘ಲೆನ್ಸ್ ಹೋಗಿದೆ.’ ಹೀಗೆ ತೀರ್ಪು ಕೊಟ್ಟವರೆಲ್ಲ ನನಗೂ ಒಂದು ಫೋನ್ ಮಾಡುತ್ತಾರೆ, ಲೆನ್ಸಿಗೂ ನನಗೂ ಏನೋ ದಾಯಾದಿ ಸಂಬಂಧ ಇದ್ದ ಹಾಗೆ. ತಲೆಕೆಟ್ಟು, ಬೆಂಗಳೂರಿನ ಎಸ್.ಪಿ. ರಸ್ತೆಯ ಒಂದು ರಿಪೇರಿ ಅಂಗಡಿಯ ಮೇಜಿನ ಮೇಲೆ ಮುಚ್ಚಳ ಬಿಚ್ಚಿಸಿಕೊಂಡು ಮಲಗಿದ್ದ ಲೆನ್ಸನ್ನೇ ಮಾತಾಡಿಸಿದೆ. ಕಣ್ಣು ಕಡಲೆಬೇಳೆಯಷ್ಟು. ಬಾಯಿಗೆ ಅಳತೆ ಇರಲಿಲ್ಲ.

ನಾನು: ನಮಸ್ಕಾರ. ಹೇಗಿದ್ದೀರಿ?

ಲೆನ್ಸ್: ಹೋಗಿದ್ದೀನಂತೆ. ಊರೆಲ್ಲ ಹೇಳ್ತಾ ಇದೆಯಲ್ಲ, ನಿಮಗೆ ಗೊತ್ತಾಗ್ಲಿಲ್ವಾ?

ನಾನು: ನಿಜ ಹೇಳಿ. ಓದೋಕೆ ಆಗ್ತಾ ಇಲ್ವಾ?

ಲೆನ್ಸ್: ಓದೋಕೆ ಏನು ಕೊಟ್ಟಿದ್ದೀರಿ, ಅದನ್ನ ಮೊದಲು ಹೇಳಿ. ಕಾರ್ಖಾನೆಯಲ್ಲಿ ಅಚ್ಚೊತ್ತಿದ ಡಿಸ್ಕಿನಲ್ಲಿ ನಿಜವಾದ ಗುಂಡಿಗಳಿರ್ತವೆ, ಮೇಲೆ ಲೋಹದ ಲೇಪ. ಒಂದೇ ಪದರದ್ದಾದ್ರೆ, ನಾನು ಬಿಟ್ಟ ಬೆಳಕಿನಲ್ಲಿ ನೂರಕ್ಕೆ 45ರಿಂದ 85ರಷ್ಟು ವಾಪಸ್ ಬರುತ್ತೆ. ನೀವು ಮನೇಲಿ ಬರೆದದ್ದರಲ್ಲಿ ಗುಂಡಿ ಎಲ್ಲಿದೆ? ಬಣ್ಣದ ಪದರದ ಮೇಲೆ ಸುಟ್ಟ ಕಲೆ, ಅಷ್ಟೇ. ಆ ಕಲೆ ಸರಿಯಾಗಿ ಸುಟ್ಟಿದ್ರೆ ಓದ್ತೀನಿ, ಬೇಡ ಅನ್ನಲ್ಲ. ಇನ್ನು ಕೆಲವು ಮಹಾನುಭಾವರು ಅಳಿಸಿ ಬರೆಯೋ ಆರ್‌ಡಬ್ಲ್ಯೂ ಡಿಸ್ಕ್ ಹಾಕ್ತಾರೆ. ಅದರಿಂದ ವಾಪಸ್ ಬರೋದು 18ರಿಂದ 30. ಕತ್ತಲೇಲಿ ಪೇಪರ್ ಓದು ಅಂದು, ಓದದಿದ್ರೆ ಕಣ್ಣು ಕೀಳಿಸಿಬಿಡ್ತೀರಲ್ಲ!

ನಾನು: ಆದರೆ ಆರ್‌ಡಬ್ಲ್ಯೂ ಹಾಕುವವರು ಕಡಿಮೆ. ಸಾಮಾನ್ಯ ಡಿವಿಡಿ ಕೂಡ ಅರ್ಧದಲ್ಲಿ ನಿಲ್ಲುತ್ತೆ ಅನ್ನೋದು ದೂರು.

ಲೆನ್ಸ್: ಯಾವ ವೇಗದಲ್ಲಿ ಬರೆದ್ರು ಅಂತ ಕೇಳಿದ್ರಾ? ಕೇಳಿರಲ್ಲ. ಕವರ್ ಮೇಲೆ 16ಎಕ್ಸ್ ಅಂತ ಇದೆ, ಅದಕ್ಕೇ 16ಎಕ್ಸ್. ಮೈಸೂರು ರಸ್ತೇಲಿ ಬೋರ್ಡ್ ಮೇಲೆ 80 ಅಂತ ಇದೆ, ಎಲ್ಲರೂ 80ರಲ್ಲೇ ಹೋಗ್ತಾರಾ? ಡಿಸ್ಕಿನ ಸುರುಳಿ ಶುರುವಾಗೋದು ಒಳಗಿನಿಂದ, ಮುಗಿಯೋದು ಅಂಚಿನಲ್ಲಿ. ಆತುರದಲ್ಲಿ ಬರೆದವರ ಕೈ ನಡುಗೋದು ಅಂಚಿನಲ್ಲೇ. ಸ್ಯಾನ್ ಆಂಡ್ರಿಯಾಸ್ ಆಟ ಶುರು ಆಗುತ್ತೆ, ಹಾಡು ಬರುತ್ತೆ, ಹುಡುಗ ಸೈಕಲ್ ಹತ್ತುತ್ತಾನೆ, ಎಲ್ಲ ಚೆನ್ನ. ಆಮೇಲೆ ಅಂಚಿನ ಕಡೆ ಇರೋ ಯಾವುದೋ ದೃಶ್ಯ ಬೇಕಾಗುತ್ತೆ. ನಾನು ಹೋಗಿ ನೋಡ್ತೀನಿ, ಅಲ್ಲಿ ಬರೀ ಮಸಿ.

ನಾನು: ಹಾಗಾದರೆ ಆದಷ್ಟೂ ನಿಧಾನ, 1ಎಕ್ಸ್?

ಲೆನ್ಸ್: ಇದು ಇನ್ನೊಂದು ಮೂಢನಂಬಿಕೆ. 16ಎಕ್ಸ್‌ಗೆ ಅಂತ ತಯಾರಾದ ಬಣ್ಣವನ್ನ ತೀರಾ ನಿಧಾನ ಸುಟ್ಟರೂ ಕಲೆ ಹರಡುತ್ತೆ. 4 ಅಥವಾ 8. ಬರೆದಾದ ಮೇಲೆ ಕಂಪ್ಯೂಟರಿನಲ್ಲೇ ಒಂದು ಸಲ ವೆರಿಫೈ. ಅಷ್ಟು ಮಾಡೋಕೆ ಯಾರಿಗೂ ಪುರಸೊತ್ತಿಲ್ಲ. ನನ್ನನ್ನ ಬಿಚ್ಚೋಕೆ ಮಾತ್ರ ಭಾನುವಾರ ಪೂರ್ತಿ ಇದೆ.

ನಾನು: ಬಣ್ಣದ ಪದರ ಅಂದ್ರಲ್ಲ, ಅದು ಎಷ್ಟು ವರ್ಷ ಬಾಳುತ್ತೆ? ಯಾಕೆ ಕೇಳಿದೆ ಅಂದರೆ, 1934ರಲ್ಲಿ ‘ಸತಿ ಸುಲೋಚನ’ ಬಿಡುಗಡೆ ಆದಾಗ...

ಲೆನ್ಸ್: ಬಂತು. ಅಂಗಡಿಯವರು ಹೇಳಿದ್ರು, ಈ ಮನುಷ್ಯ ಎಲ್ಲಿಂದ ಹೊರಟರೂ ಸತಿ ಸುಲೋಚನಕ್ಕೇ ಬಂದು ನಿಲ್ತಾರೆ ಅಂತ.

ನಾನು: ಕನ್ನಡದ ಮೊದಲ ವಾಕ್ಚಿತ್ರ ಸ್ವಾಮಿ! ಕೊಲ್ಹಾಪುರದಲ್ಲಿ ಚಿತ್ರೀಕರಣ, ಬೆಂಗಳೂರಿನ ಪ್ಯಾರಮೌಂಟ್ ಟಾಕೀಸಿನಲ್ಲಿ ಬಿಡುಗಡೆ, ಜನ ಮುಗಿಬಿದ್ದು ನೋಡಿದರು. ಇವತ್ತು ಒಂದು ಪ್ರಿಂಟ್ ಇಲ್ಲ. ಅವತ್ತು ಯಾರಾದರೂ ಒಬ್ಬ ಕಳ್ಳ ಒಂದು ಪ್ರತಿ ಕದ್ದಿಟ್ಟುಕೊಂಡಿದ್ದರೆ...

ಲೆನ್ಸ್: ಅವತ್ತು ನಾನು ಹುಟ್ಟಿರಲಿಲ್ಲ. ನಮ್ಮ ಪೆಟ್ಟಿಗೆ ಹುಟ್ಟಿದ್ದು 2000ದ ಮಾರ್ಚ್, ಜಪಾನಿನಲ್ಲಿ. ಆ ಪಾಪ ನನ್ನ ತಲೆಗೆ ಕಟ್ಟಬೇಡಿ. ಖಾಲಿ ಡಿಸ್ಕಿನ ವಿಷಯಕ್ಕೆ ಬನ್ನಿ.

ನಾನು: ಧೂಳಿನ ವಿಷಯ ಕೇಳಬಹುದಾ? ನಿಮ್ಮ ಕಣ್ಣ ಮೇಲೇ ಒಂದು ಪದರ ಕಾಣ್ತಾ ಇದೆ.

ಲೆನ್ಸ್: ಬೆಂಗಳೂರು. ಮೆಟ್ರೋ ಕಾಮಗಾರಿ. ಮುಂದೆ?

ನಾನು: ಬಿಸಿ? ಸವೆದ ಗೇರು? ಒಳಗೆ ಜಿರಳೆ ಸಂಸಾರ?

ಲೆನ್ಸ್: ಅವರು ಬಾಡಿಗೆದಾರರು, ತಂಟೆ ಇಲ್ಲ. ನಾನು ಹೇಳ್ತಾ ಇದ್ದದ್ದು ಖಾಲಿ ಡಿಸ್ಕು. ತಾಯಿಯೋ ಯೂಡೆನ್ ಅಂತ ಜಪಾನಿನ ಕಂಪನಿ ಡಿಸ್ಕ್ ಮಾಡ್ತಿತ್ತು. ಅವರ ಡಿಸ್ಕ್ ಬಂದ್ರೆ ನನಗೆ ಹಬ್ಬ. 2015ಕ್ಕೆ ಆ ವ್ಯಾಪಾರವನ್ನೇ ಬಿಟ್ಟರು. ನಮ್ಮ ಮೋಸರ್ ಬೇರ್, 28 ರೂಪಾಯಿಗೆ ಸಿನಿಮಾ ವಿಸಿಡಿ ಮನೆಮನೆಗೆ ಮುಟ್ಟಿಸಿದವರು, 2018ರಲ್ಲಿ ದಿವಾಳಿ ಕೋರ್ಟಿನಲ್ಲಿ ಮುಗಿದರು. ಈಗ ಸಿಗೋದು ಊರುಹೆಸರಿಲ್ಲದ ಮಾಲು. ಅದರ ಮೇಲೆ ಚಂದಕ್ಕೆ ಅಂತ ಸ್ಟಿಕ್ಕರ್ ಬೇರೆ ಅಂಟಿಸ್ತಾರೆ, ಒಂದು ಕಡೆ ಭಾರ ಜಾಸ್ತಿಯಾಗಿ ಡಿಸ್ಕ್ ಓಲಾಡುತ್ತೆ. ಓಲಾಡೋನನ್ನ ಬಿಟ್ಟು ನೋಡ್ತಾ ನಿಂತೋನನ್ನ ಹಿಡೀತಾರೆ.

ನಾನು: ಚಿಪ್ ಹಾಕಿಸಿದ್ದರೂ ಹೀಗಾಗುತ್ತಾ?

ಲೆನ್ಸ್: ಚಿಪ್ಪಿಗೂ ಓದೋದಕ್ಕೂ ಏನ್ರೀ ಸಂಬಂಧ? ಚಿಪ್ ಬಾಗಿಲಲ್ಲಿ ನಿಂತು ‘ಇವರು ನಮ್ಮವರೇ, ಒಳಗೆ ಬಿಡಿ’ ಅಂತ ಸುಳ್ಳು ಹೇಳುತ್ತೆ. ಅದರ ಕೆಲಸ ಅಲ್ಲಿಗೆ ಮುಗೀತು. ನಮ್ಮಣ್ಣನ ಕಾಲದಲ್ಲೂ ಅಷ್ಟೇ, ಮೊದಲನೇ ಪ್ಲೇಸ್ಟೇಷನ್ನಿನಲ್ಲಿ. ಅಸಲಿ ಡಿಸ್ಕಿನ ಒಳಸುತ್ತಿನಲ್ಲಿ ದಾರಿಯನ್ನೇ ಸಣ್ಣಗೆ ನಡುಗಿಸಿ, ಯಾವ ಪ್ರದೇಶದ್ದು ಅಂತ ನಾಲ್ಕಕ್ಷರ ಬರೆದಿದ್ದರು. ಮನೆಯ ಸಿಡಿ ರೈಟರಿಗೆ ಆ ನಡುಕ ಬರೆಯೋಕೆ ಆಗಲ್ಲ. ಚಿಪ್ ಆ ನಾಲ್ಕಕ್ಷರ ಪಿಸುಗುಟ್ತಾ ಇತ್ತು. ಪಾಪ ನಮ್ಮಣ್ಣ, ಪ್ಲಾಸ್ಟಿಕ್ ಹಳಿ ಸವೆದು ಕೂರೋಕೇ ಆಗದೆ ಇದ್ದಾಗ ಜನ ಪೆಟ್ಟಿಗೆಯನ್ನೇ ತಲೆಕೆಳಗೆ ಇಟ್ಟು ಆಡಿದರು. ಅವನಿಗೆ ಶೀರ್ಷಾಸನ, ಇವರಿಗೆ ಟೆಕ್ಕನ್.

ಕೇಳಿ, ಇದನ್ನ ಬರ್ಕೊಳ್ಳಿ. ಹಾಕಿದ ಕೂಡಲೇ ಕೆಂಪು ಪರದೆ ಬಂದು ‘ಪ್ಲೇಸ್ಟೇಷನ್ ಡಿಸ್ಕ್ ಹಾಕಿ’ ಅಂದ್ರೆ, ಸಾಮಾನ್ಯವಾಗಿ ನಾನು ಓದಿದ್ದೀನಿ, ಬಾಗಿಲವನು ಒಪ್ಪಲಿಲ್ಲ ಅಂತ. ಚಿಪ್ಪಿನ ಬೆಸುಗೆ ನೋಡಿ. ನೀಲಿ ತಳದ ಹಳೇ ಆಟಗಳು ಮೂಲದಲ್ಲಿ ಸಿಡಿ, ಅವನ್ನ ಡಿವಿಡಿಗೆ ತುರುಕಿದ್ದೀರಾ ನೋಡಿ. ಟಕ್ ಟಕ್ ಅಂತ ಹುಡುಕಾಡಿ ‘ಡಿಸ್ಕ್ ರೀಡ್ ಎರರ್’ ಅಂದ್ರೆ, ಆಗ ನನಗೆ ಕಾಣ್ತಾ ಇಲ್ಲ ಅಂತ. ಎರಡು ಬೇರೆ ರೋಗ. ಈ ರಸ್ತೇಲಿ ಎರಡಕ್ಕೂ ಒಂದೇ ಔಷಧ: ಲೆನ್ಸ್ ಬದಲಾಯಿಸಿ.

ನಾನು: ಬದಲಾಯಿಸದೆ ಸರಿಮಾಡುವವರೂ ಇದ್ದಾರಲ್ಲ, ಒಂದು ತಿರುಪು ತಿರುಗಿಸಿ?

ಲೆನ್ಸ್: (ಸ್ವಲ್ಪ ಹೊತ್ತು ಸುಮ್ಮನಿದ್ದು) ಅದು ನನ್ನ ರಕ್ತದೊತ್ತಡದ ತಿರುಪು. ಮೀಟರ್ ಇಲ್ಲ, ಅಳತೆ ಇಲ್ಲ, ಕಣ್ಣಂದಾಜಿನಲ್ಲಿ ಒಂದು ಸುತ್ತು. ಬೆಳಕು ಜೋರಾಗುತ್ತೆ, ಆ ಕೆಟ್ಟ ಡಿಸ್ಕೂ ಓಡುತ್ತೆ, ಗಿರಾಕಿ ಖುಷಿಯಾಗಿ ಮನೆಗೆ ಹೋಗ್ತಾನೆ. ನಾನು ಬೇಗ ಉರಿದು ಹೋಗ್ತೀನಿ. ಆವಾಗ ಬಂದು ಹೇಳ್ತಾನೆ, ‘ನೋಡಿದ್ರಾ, ನಾನು ಮೊದಲೇ ಹೇಳಿರ್ಲಿಲ್ವಾ?’

ನಾನು: ಈಗ ಮೆಮರಿ ಕಾರ್ಡಿನಲ್ಲೇ ತಂತ್ರಾಂಶ ಹಾಕಿ, ಪೆನ್‌ಡ್ರೈವಿನಿಂದ ಆಡಿಸ್ತಾರೆ. 2020ರಲ್ಲಿ ಒಬ್ಬರು ಪೆಟ್ಟಿಗೆಯ ಡಿವಿಡಿ ಪ್ಲೇಯರಿನ ಲೋಪವನ್ನೇ ಹಿಡಿದು, ಚಿಪ್ಪೇ ಇಲ್ಲದೆ ಬರೆದ ಡಿಸ್ಕ್ ಓಡಿಸಿದರು.

ಲೆನ್ಸ್: ಚಿಪ್ಪಿನ ಕೆಲಸ ಹೋಯ್ತು ಅಂತ ಕೇಳಿ ಸಂತೋಷ ಆಯ್ತು. ಪೆನ್‌ಡ್ರೈವಿನ ವಿಷಯ ಬೇಡ. ಅದು ಹಳೇ ಕಾಲದ ಯುಎಸ್‌ಬಿ, ದೃಶ್ಯ ಬಂದಾಗಲೆಲ್ಲ ಏದುಸಿರು ಬಿಡುತ್ತೆ. ನಾನು ಕನಿಷ್ಠ ಮರ್ಯಾದೆಯಿಂದ ಸೋಲ್ತೀನಿ.

ನಾನು: ಕಳ್ಳಮಾಲು ಓದಿದ ಪಾಪಪ್ರಜ್ಞೆ?

ಲೆನ್ಸ್: ನನಗೆ ಕಾಣೋದು ಬೆಳಕು, ಕತ್ತಲು, ಎರಡೇ. ಕಳ್ಳ, ಸಾಹುಕಾರ ಅಂತ ಡಿಸ್ಕಿನ ಮೇಲೆ ಬರೆದಿರಲ್ಲ. ಆದರೆ ಗಾಡ್ ಆಫ್ ವಾರ್ ಆಟದ ಎರಡನೇ ಭಾಗ ಎರಡು ಪದರದ ಡಿಸ್ಕ್. ಅದನ್ನ ಒಂದೇ ಪದರಕ್ಕೆ ಇಳಿಸೋಕೆ ದೃಶ್ಯಗಳನ್ನ ಕತ್ತರಿಸಿ ಮಾರಿದವರಿದ್ದರು. ಜನ ಆಡಿದರು, ಕಥೆ ಏನು ಅಂತ ಗೊತ್ತಾಗದೆ ದೇವರುಗಳನ್ನ ಕೊಂದರು.

ನಾನು: ಅದನ್ನು ಸಮರ್ಥಿಸೋಕೆ ಬಂದಿಲ್ಲ. ಆದರೆ ಒಂದು ಮಾತು. ‘ದಿ ಕ್ರೂ’ ಅಂತ ಒಂದು ಕಾರ್ ಓಡಿಸುವ ಆಟ. ಯೂಬಿಸಾಫ್ಟ್ ಕಂಪನಿ 2014ರ ಡಿಸೆಂಬರಿನಲ್ಲಿ ಮಾರಾಟಕ್ಕೆ ಬಿಟ್ಟಿತು. ಜನ ದುಡ್ಡು ಕೊಟ್ಟು ಡಿಸ್ಕ್ ಕೊಂಡರು. ಕದ್ದದ್ದಲ್ಲ, ಅಚ್ಚೊತ್ತಿದ ಅಸಲಿ. 2024ರ ಮಾರ್ಚ್ 31ಕ್ಕೆ ಸರ್ವರ್ ನಿಲ್ಲಿಸಿದರು. ಒಬ್ಬನೇ ಕೂತು ಆಡುವ ಭಾಗವೂ ಸರ್ವರಿಲ್ಲದೆ ಓಡದಂತೆ ಕಟ್ಟಿದ್ದರು, ಹಾಗಾಗಿ ಅದೂ ಸತ್ತಿತು. ಡಿಸ್ಕ್ ಕಪಾಟಿನಲ್ಲಿದೆ, ಒಂದು ಗೀರಿಲ್ಲ. ಲೆನ್ಸ್ ಚೆನ್ನಾಗಿದೆ, ಓದುತ್ತೆ. ಆಟ ಇಲ್ಲ. ಡಿಜಿಟಲ್ ಆಗಿ ಕೊಂಡವರ ಖಾತೆಯಿಂದ ಪರವಾನಗಿಯನ್ನೇ ಕಿತ್ತುಕೊಂಡರು. ಕೋರ್ಟಿಗೆ ಹೋದವರಿಗೆ ಕಂಪನಿ ಕೊಟ್ಟ ಉತ್ತರ, ನೀವು ಕೊಂಡದ್ದು ಆಟವಲ್ಲ, ಆಡುವ ಸೀಮಿತ ಪರವಾನಗಿ ಅಂತ. ಇದನ್ನು ಕಳ್ಳತನ ಅನ್ನಲ್ಲ, ಸೇವೆ ಮುಕ್ತಾಯ ಅಂತಾರೆ. ಪ್ರತಿ ಮಾಡಿಟ್ಟುಕೊಂಡವನಿಗೂ ಅವತ್ತು ಉಳಿಸೋಕಾಗಲಿಲ್ಲ, ಯಾಕೆಂದರೆ ಅರ್ಧ ಆಟವನ್ನು ಅವರು ಕೊಟ್ಟೇ ಇರಲಿಲ್ಲ. ಸತಿ ಸುಲೋಚನ ನಿರ್ಲಕ್ಷ್ಯದಲ್ಲಿ ಹೋಯಿತು. ಇದನ್ನು ಕೂತು ಯೋಚಿಸಿ, ದಿನಾಂಕ ಗೊತ್ತುಮಾಡಿ ಅಳಿಸಿದರು. ನೂರಾರು ಜನ ಕೂತು ಮಾಡಿದ ಕೆಲಸಕ್ಕೆ ಕೊನೆಗೆ ಒಂದು ಸ್ವಿಚ್ಚು.

ಲೆನ್ಸ್: ಇದರಲ್ಲಿ ಪ್ರಶ್ನೆ ಯಾವುದು?

ನಾನು: ಪ್ರಶ್ನೆ ಇಲ್ಲ.

ಲೆನ್ಸ್: ಹೂಂ. ನನ್ನ ಕಾಲದಲ್ಲಿ ಡಿಸ್ಕ್ ಅಂದ್ರೆ ಪೂರ್ತಿ ಡಿಸ್ಕು. 15 ಕೋಟಿಗೂ ಹೆಚ್ಚು ಪೆಟ್ಟಿಗೆ ಮಾರಿದರು. ಎಲ್ಲೋ ಒಂದು ಹಳ್ಳೀಲಿ, ನೆಟ್ವರ್ಕೇ ಇಲ್ಲದ ಮನೇಲಿ, ಕರೆಂಟ್ ಇದ್ರೆ ಸಾಕು, ಕ್ರಿಕೆಟ್ 07 ಇವತ್ತೂ ಓಡುತ್ತೆ. ಭಾರತದ ಆಟಗಾರರ ಹೆಸರು ತಿರುಚಿರಬಹುದು. ಸಿಕ್ಸರ್ ಸಿಕ್ಸರೇ.

ನಾನು: ಕೊನೆಯದಾಗಿ, ಲೆನ್ಸ್ ನಿಜವಾಗಿ ಹೋಗಿದೆಯಾ ಅಂತ ತಿಳಿಯೋದು ಹೇಗೆ?

ಲೆನ್ಸ್: ಇದನ್ನ ಮೊದಲೇ ಕೇಳಬಾರದಿತ್ತಾ? ಒಂದು ಅಸಲಿ ಡಿಸ್ಕ್ ಹಾಕಿ. ಅದು ಓಡಿ ನಿಮ್ಮದು ಓಡದಿದ್ರೆ ತಪ್ಪು ಹೆಚ್ಚಾಗಿ ನಿಮ್ಮ ಡಿಸ್ಕಿನದು, ಇಲ್ಲವೇ ಚಿಪ್ಪಿನದು. ಎರಡು ನಿಮಿಷದ ಕೆಲಸ. ಅಂಗಡಿಯವರನ್ನ ಕೇಳಿ.

ಕೇಳಿದೆ. ‘ಒರಿಜಿನಲ್ಲಾ?’ ಎಂದು ಅಂಗಡಿಯವರು ಹುಬ್ಬೇರಿಸಿದರು. ಮೂರು ಕಪಾಟು ಜಾಲಾಡಿದರು. ಪಕ್ಕದಂಗಡಿಗೆ ಕೂಗಿದರು. ಪಕ್ಕದವರು ಅದರಾಚೆಯವರಿಗೆ ಕೂಗಿದರು. ಕೊನೆಗೆ ಒಬ್ಬ ಹುಡುಗ ಓಡಿಬಂದು ಪ್ಲಾಸ್ಟಿಕ್ ಹೊದಿಕೆಯ ಒಂದು ಡಬ್ಬಿ ಕೈಗಿಟ್ಟ.

‘ಪಕ್ಕಾ ಒರಿಜಿನಲ್ ಸಾರ್. ಕಲರ್ ಪ್ರಿಂಟ್ ನೋಡಿ, ಲ್ಯಾಮಿನೇಷನ್ ಮಾಡ್ಸಿದೀವಿ.’

ಡಿಸ್ಕ್ ತಿರುಗಿಸಿದೆ. ತಳ ನೇರಳೆ.

ಲೆನ್ಸ್: ಹಾಕಿ, ಹಾಕಿ. ಓಡದಿದ್ರೆ ಏನು ಹೇಳ್ಬೇಕು ಅಂತ ಅವರಿಗೆ ಗೊತ್ತು.