ಮಂಜಿನ ಫಿಲ್ಟರ್

ಮಳೆಗಾಲದ ಕೊಡಗಿನಲ್ಲಿ ಫೋನಿಗೆ ಫಿಲ್ಟರ್ ಬೇಕಿಲ್ಲ, ಮಂಜೇ ಆ ಕೆಲಸ ಮಾಡುತ್ತದೆ. ಹತ್ತಡಿ ದೂರ ನಿಂತರೆ ಮೊಡವೆ ಮಾಯ. ಇಪ್ಪತ್ತಡಿ ದೂರ ನಿಂತರೆ ಮುಖವೇ ಮಾಯ.

ಇದನ್ನು ನೆಚ್ಚಿಕೊಂಡೇ ಇರಬೇಕು, ಅಕ್ಕನ ಮಗಳು ಕಾಫಿ ಸ್ಕ್ರಬ್ಬಿಗೆ ರೀಲ್ಸ್ ಮಾಡಲು ಹೊರಟಳು. ಸ್ಕ್ರಬ್ ಎಂದರೆ ರೋಬಸ್ಟಾ ಪುಡಿ, ತೆಂಗಿನೆಣ್ಣೆ, ಒಂದಿಷ್ಟು ಜೇನು. ನಾವು ಕುಡಿದು ಮುಗಿಸುತ್ತಿದ್ದುದನ್ನು ಈಗಿನವರು ಮೈಗೆ ತಿಕ್ಕುತ್ತಾರೆ. ಕ್ಯಾಮೆರಾ ಹಿಡಿಯುವ ಭಾಗ್ಯ ನನ್ನದು. ಕೂದಲು ಹಾರಿಸುತ್ತಾ ಅವಳು ನಡೆದದ್ದು, ಕರಿಮೆಣಸಿನ ಬಳ್ಳಿ, ಸಿಲ್ವರ್ ಓಕ್, ಹಿನ್ನೆಲೆಗೆ ಕೊಳಲು. ಎಲ್ಲವೂ ಸ್ಲೋ ಮೋಷನ್, ಅವಳ ಕಾಲಿಗೆ ಹತ್ತುತ್ತಿದ್ದ ಜಿಗಣೆಯೊಂದನ್ನು ಬಿಟ್ಟು. ಅಕ್ಕ ಪೂರ್ತಿ ನೋಡಿ ಕನ್ನಡಕ ತೆಗೆದಳು. "ಚೆನ್ನಾಗಿದೆ. ತೋಟ ಮಾರೋಕಿದೆಯಾ?"

ಸ್ಕ್ರಬ್ಬಿನ ಡಬ್ಬಿ ಎಲ್ಲೂ ಕಂಡಿರಲಿಲ್ಲ. ನಮ್ಮ ಕಡೆಯ ಎಷ್ಟೋ ವಿಡಿಯೊಗಳ ಕತೆ ಇದೇ. ಸೋಪಿರಲಿ, ಜೇನಿರಲಿ, ಕೊನೆಗೆ ನೋಡಿದವರು ಕೇಳುವುದು ಹೋಂಸ್ಟೇ ಬಾಡಿಗೆಯನ್ನು.

ಚಂದದ ಮುಖವನ್ನೇ ಕರೆತರುವ ದಾರಿಯೂ ಇದೆ ಅನ್ನಿ. 2025ರ ಮೇ ತಿಂಗಳಲ್ಲಿ ಮೈಸೂರು ಸ್ಯಾಂಡಲ್ ಸೋಪಿಗೆ ನಟಿ ತಮನ್ನಾ ಅವರನ್ನು ರಾಯಭಾರಿ ಮಾಡಿದಾಗ ಒಪ್ಪಂದದ ಮೊತ್ತ 6.2 ಕೋಟಿ ರೂಪಾಯಿ. ಕನ್ನಡದ ನಟಿಯರು ಇರಲಿಲ್ಲವೇ ಎಂದು ರಾಜ್ಯವೆಲ್ಲ ಕೇಳಿತು. ವಿರಾಜಪೇಟೆಯ ರಶ್ಮಿಕಾ ಮಂದಣ್ಣ ನಮ್ಮವರೇ ಆದ್ದರಿಂದ ನಾವು ತುಸು ಜೋರಾಗಿ ಕೇಳಿದ್ದರೆ ತಪ್ಪೇನಿಲ್ಲ. ಆದರೆ ಅಕ್ಕನ ಮಗಳ ಬಂಡವಾಳದಲ್ಲಿ ತಮನ್ನಾ ಅವರ ಒಂದು ರೆಪ್ಪೆಯೂ ಬರುವುದಿಲ್ಲ.

ಹಾಗಾಗಿ ಮುಖ ಬಿಟ್ಟು ಕೈ ಹಿಡಿದೆವು. ಕಿಟಕಿ ಪಕ್ಕದ ಬೆಳಕು, ಅಂಗೈಯಲ್ಲಿ ಒಂದು ಚಮಚ ಸ್ಕ್ರಬ್, ಅಷ್ಟೇ. ಮೊದಲ ಮೂರು ಸೆಕೆಂಡಿನಲ್ಲೇ ಅದು ಕಾಣಬೇಕು, ಇಲ್ಲವಾದರೆ ನೋಡುವವರ ಹೆಬ್ಬೆರಳು ಮುಂದಕ್ಕೆ ಹೋಗಿಬಿಡುತ್ತದೆ. ಬಸ್ಸಿನಲ್ಲಿ ಸದ್ದಿಲ್ಲದೆ ನೋಡುವವರಿಗಾಗಿ ಮಾತನ್ನೆಲ್ಲ ಕನ್ನಡದಲ್ಲಿ ಪರದೆಯ ಮೇಲೂ ಬರೆಯಬೇಕು. ತರಿ ಎಷ್ಟು ಒರಟು, ತೊಳೆದ ಮೇಲೆ ಎಣ್ಣೆ ಎಷ್ಟು ಉಳಿಯುತ್ತದೆ, ಎರಡನ್ನೂ ಕತ್ತರಿಸದೆ ತೋರಿಸಬೇಕು. ಮೊದಲು ಮೊಣಕೈ ಒಳಬದಿಗೆ ಹಚ್ಚಿ ಒಂದು ದಿನ ಕಾಯಿರಿ ಎನ್ನಬೇಕು. "ಹಿಮ್ಮಡಿಗೆ ಸರಿ, ಮುಖಕ್ಕೆ ಬೇಡ" ಎಂಬ ಸಾಲಿಗೆ ಮಾತ್ರ ಜಗಳವಾಯಿತು. "ಮಾವಾ, ಮುಖಕ್ಕೆ ಬೇಡ ಅಂದ್ರೆ ಯಾರು ತಗೋತಾರೆ?" ಕೊಡಗಿನಲ್ಲಿ ಹಿಮ್ಮಡಿಗಳಿಗೇನು ಬರವೇ?

ಮೊಡವೆ ವಾಸಿಯಾಗುತ್ತದೆ ಎಂದು ಸೇರಿಸುವ ಆಸೆಯೂ ಅವಳಿಗಿತ್ತು. ಹಾಗೆಂದರೆ ಅದು ಸೌಂದರ್ಯವರ್ಧಕವಲ್ಲ, ಔಷಧಿಯಾಗುತ್ತದೆ. ಔಷಧಿಗೆ ಪುರಾವೆ ಬೇಕು. ಪುರಾವೆ ಎಂದರೆ ನಮ್ಮ ಕಕ್ಕಡ ತಿಂಗಳ 18ರದ್ದು. ಆಗಸ್ಟ್ ಆರಂಭದ ಆ ದಿನ ಹದಿನೆಂಟು ಮದ್ದುಗಳು ಸೇರಿವೆ ಎಂದು ನಂಬುವ ಮದ್ದುಸೊಪ್ಪಿನ ಪಾಯಸ ಕುಡಿದರೆ ಮೂತ್ರ ಕೆಂಪಾಗಿ ತಾನೇ ಸಾಕ್ಷಿ ಹೇಳುತ್ತದೆ. ಇಷ್ಟು ಖಚಿತವಾದ 'ಮೊದಲು–ಆಮೇಲೆ' ಯಾವ ಕ್ರೀಮಿಗೂ ಇಲ್ಲ. ವಿಡಿಯೊ ಮಾತ್ರ ಮಾಡುವ ಹಾಗಿಲ್ಲ.

ಇನ್ನೊಂದು ವಿಷಯ. 2020ರ ಸೌಂದರ್ಯವರ್ಧಕಗಳ ನಿಯಮದ ಪ್ರಕಾರ ಇಂಥದ್ದನ್ನು ತಯಾರಿಸಿ ಮಾರಲು ಲೈಸೆನ್ಸ್ ಬೇಕು. ಅವಳು ಈಗಷ್ಟೇ ಅರ್ಜಿ ಹಾಕಿದ್ದಾಳೆ. ಅದು ಕೈಗೆ ಬರುವವರೆಗೆ ಡಬ್ಬಿ ಮಾರಾಟಕ್ಕಿಲ್ಲ. ತೋಟವೂ ಮಾರಾಟಕ್ಕಿಲ್ಲ, ದಯವಿಟ್ಟು ಫೋನ್ ಮಾಡಬೇಡಿ.