ಎಚ್ಚೆಮ್ ಮಗಳ ಡಾಕ್ಟರೇಟು

ನಮ್ಮ ಕಡೆ ಹೆಸರಿನ ಹಿಂದೆ ‘ಡಾ.’ ಬರಬೇಕಾದರೆ ಮೂರು ದಾರಿಗಳಿವೆ. ಎಂಬಿಬಿಎಸ್ ಓದಬೇಕು, ಪಿಎಚ್.ಡಿ. ಮಾಡಬೇಕು, ಇಲ್ಲವೇ ಜಿಲ್ಲಾ ಪಂಚಾಯ್ತಿ ಟಿಕೆಟ್ಟಿನ ಮೇಲೆ ಕಣ್ಣಿಟ್ಟಿರಬೇಕು. ಮೂರನೆಯವರದು ಬಲು ಚುರುಕಿನ ವ್ಯವಹಾರ. ಭಾನುವಾರ ಯಾವುದೋ ಹೋಟೆಲಿನ ಹಾಲಿನಲ್ಲಿ, ಯಾರೂ ಹೆಸರು ಕೇಳಿರದ ವಿಶ್ವವಿದ್ಯಾಲಯದ ಘಟಿಕೋತ್ಸವ. ಸೋಮವಾರ ಬಸ್ ಸ್ಟ್ಯಾಂಡಿನಲ್ಲಿ ಫ್ಲೆಕ್ಸು. ಗೌನು ಬಾಡಿಗೆಯದು, ಟೋಪಿ ಬಾಡಿಗೆಯದು, ನಗು ಮಾತ್ರ ಸ್ವಂತದ್ದು.

ನಮ್ಮ ಮಗಳು ಈ ಮೂರನ್ನೂ ಬಿಟ್ಟು ನಾಲ್ಕನೆಯದನ್ನು ಹಿಡಿದಿದ್ದಾಳೆ. ನ್ಯೂಜೆರ್ಸಿಯ ಮಿಡ್ಲ್ ಸ್ಕೂಲೊಂದರಲ್ಲಿ ವೈಸ್ ಪ್ರಿನ್ಸಿಪಾಲ್ ಆಗಿರುವ ಅವಳು, ಮನೆಯ ಡೈನಿಂಗ್ ಟೇಬಲ್ ಬಿಟ್ಟು ಅಲುಗದೆ, ಶೈಕ್ಷಣಿಕ ನಾಯಕತ್ವದಲ್ಲಿ ಎಡ್.ಡಿ., ಅಂದರೆ ಶಿಕ್ಷಣದ ಡಾಕ್ಟರೇಟು, ಮಾಡುತ್ತಿದ್ದಾಳೆ. ಪೂರ್ತಿ ಆನ್‌ಲೈನು. ವಿಶ್ವವಿದ್ಯಾಲಯ ಇರುವುದು ಬೇರೆ ಯಾವುದೋ ರಾಜ್ಯದಲ್ಲಿ. ಅದರ ಗೇಟು ಉತ್ತರಕ್ಕಿದೆಯೋ ದಕ್ಷಿಣಕ್ಕಿದೆಯೋ ಅವಳಿಗೇ ಗೊತ್ತಿಲ್ಲ. ಐವತ್ತರ ಆಚೀಚೆ ಕ್ರೆಡಿಟ್ಟು, ಕ್ರೆಡಿಟ್ಟಿಗೆ ಇಷ್ಟು ಡಾಲರ್ ಅಂತ ಫೀಸು. ಅಲ್ಲಿನ ಎಷ್ಟೋ ಕಡೆ ಶಾಲೆಯ ಸಂಬಳದ ಪಟ್ಟಿಯಲ್ಲಿ ಬಿ.ಎ.ಗೊಂದು ಕಾಲಂ, ಎಂ.ಎ.ಗೊಂದು, ಡಾಕ್ಟರೇಟಿಗೊಂದು ಇರುತ್ತದಂತೆ. ನಮ್ಮ ಅಳಿಯಂದಿರು ಫೀಸನ್ನೂ ಆ ಕೊನೆಯ ಕಾಲಮ್ಮನ್ನೂ ಎಕ್ಸೆಲ್ ಶೀಟಿನಲ್ಲಿ ಎದುರುಬದುರು ಕೂರಿಸಿ, ಹಾಕಿದ ದುಡ್ಡು ಯಾವ ವರ್ಷ ಹೊರಡುತ್ತದೆ ಅಂತ ಲೆಕ್ಕ ತೆಗೆದಿದ್ದಾರೆ. ಸಾಫ್ಟ್‌ವೇರಿನವರ ಮನೆಯಲ್ಲಿ ಸರಸ್ವತಿಯೂ ರಿಟರ್ನ್ ತೋರಿಸಿಯೇ ಒಳಗೆ ಬರಬೇಕು.

ನಾನು ತುಮಕೂರು ಸೀಮೆಯಲ್ಲಿ ಸರ್ಕಾರಿ ಶಾಲೆಯ ಎಚ್ಚೆಮ್ ಆಗಿ ರಿಟೈರಾದವನು. ನಾನು ನಾಯಕನಾದದ್ದು ಸೀನಿಯಾರಿಟಿ ಲಿಸ್ಟಿನಿಂದ. ನನ್ನ ಮೇಲಿದ್ದವರೆಲ್ಲ ಒಬ್ಬೊಬ್ಬರಾಗಿ ರಿಟೈರಾದರು, ನಾನು ಒಂದೊಂದೇ ಮೆಟ್ಟಿಲು ಹತ್ತಿದೆ. ನಾನು ಹತ್ತಲು ಮಾಡಿದ ಸಾಧನೆಯೆಂದರೆ ಆರೋಗ್ಯವಾಗಿ ಬದುಕಿದ್ದದ್ದು. ಚಾರ್ಜ್ ತಗೊಂಡ ದಿನ ಹಿಂದಿನ ಎಚ್ಚೆಮ್ಮು ಕೈಗಿತ್ತ ಪಟ್ಟಿ ಹೀಗಿತ್ತು: ಬೀರುವಿನ ಬೀಗದ ಕೈ, ಕ್ಯಾಶ್ ಬುಕ್ಕು, ಹಾಜರಿ ಪುಸ್ತಕಗಳು, ಕಾಲಿಲ್ಲದ ಬೆಂಚು ಎರಡು, ಆಫ್ರಿಕಾ ಖಂಡ ಉದುರಿಹೋದ ಗ್ಲೋಬು ಒಂದು. ನಾಯಕತ್ವ ಅಂತ ಪಟ್ಟಿಯಲ್ಲಿ ಎಲ್ಲೂ ಇರಲಿಲ್ಲ, ನಾನೂ ಸಹಿ ಹಾಕುವ ಮುಂಚೆ ಕೇಳಲಿಲ್ಲ. ಹೀಗಿರುವಾಗ ಅದನ್ನು ದುಡ್ಡು ಕೊಟ್ಟು ಓದುತ್ತಾರೆ ಅಂದರೆ, ಚೇಷ್ಟೆ ಮಾಡದೆ ಬಿಡಲು ನಾನೇನು ಸನ್ಯಾಸಿಯೇ?

ಮಗಳ ಮನೆಗೆ ನಾನೂ ನನ್ನ ಹೆಂಡತಿಯೂ ಹೋಗಿದ್ದಾಗ ಈ ವಿದ್ಯೆಯ ದಿನಚರಿಯನ್ನು ಹತ್ತಿರದಿಂದ ಕಂಡೆ. ಬುಧವಾರ ರಾತ್ರಿಯೊಳಗೆ, ಓದಿದ್ದರ ಮೇಲೆ ಒಂದು ಬರಹ ಹಾಕಬೇಕು. ಭಾನುವಾರ ರಾತ್ರಿ 11 ಗಂಟೆ 59 ನಿಮಿಷದೊಳಗೆ, ಬೇರೆ ಇಬ್ಬರು ಬರೆದದ್ದಕ್ಕೆ ಉತ್ತರ ಹಾಕಬೇಕು. ಬುಧವಾರದ್ದು ವಿದ್ಯೆ, ಭಾನುವಾರದ್ದು ಮುಯ್ಯಿ. ನೀನು ನಮ್ಮ ಮನೆ ಮದುವೆಗೆ ಎಷ್ಟು ಬರೆಸಿದೆಯೋ ಅಷ್ಟೇ ನಾನು ನಿನ್ನ ಮನೆ ನಾಮಕರಣಕ್ಕೆ ಬರೆಸುತ್ತೇನೆ ಅನ್ನುವ ಲೆಕ್ಕ. ಟೆಕ್ಸಾಸಿನ ಪ್ರಿನ್ಸಿಪಾಲರೊಬ್ಬರು ‘ನಿಮ್ಮ ಒಳನೋಟ ನನ್ನನ್ನು ಬಹಳ ಯೋಚನೆಗೆ ಹಚ್ಚಿತು’ ಅಂತ ಇವಳಿಗೆ ಬರೆದಿದ್ದರು, ಭಾನುವಾರ ರಾತ್ರಿ 11 ಗಂಟೆ 52 ನಿಮಿಷಕ್ಕೆ. “ಅಷ್ಟು ಹೊತ್ತಿನಲ್ಲಿ ಯೋಚನೆಗೆ ಹಚ್ಚಿತಂತೆ, ಪಾಪ, ನಿದ್ದೆ ಬಂತೋ ಇಲ್ಲವೋ” ಅಂದೆ. “ಅಪ್ಪಾ, ನೀವು ಹೋಗಿ ಉದಯ ಟಿವಿ ನೋಡಿ” ಅಂದಳು.

ನೋಡಲಿಲ್ಲ. ಪಕ್ಕದಲ್ಲೇ ಕೂತು ಅವಳ ಪುಸ್ತಕಗಳನ್ನು ತಿರುವಿದೆ. ನಾಯಕತ್ವದಲ್ಲಿ ಎಷ್ಟು ಜಾತಿ ಅಂತೀರಿ! 1978ರಲ್ಲಿ ಜೇಮ್ಸ್ ಮ್ಯಾಕ್‌ಗ್ರೆಗರ್ ಬರ್ನ್ಸ್ ಎಂಬ ವಿದ್ವಾಂಸರು ಬರೆದ ದಪ್ಪ ಪುಸ್ತಕದಿಂದ ಹೊರಟದ್ದು ಟ್ರಾನ್ಸ್‌ಫಾರ್ಮೇಷನಲ್ ಲೀಡರ್‌ಶಿಪ್ಪು. ಹಿಂಬಾಲಕರನ್ನೇ ಮೇಲೆತ್ತಿ ಬದಲಾಯಿಸುವಂಥದ್ದು. ಅದಕ್ಕೂ ಮುಂಚೆ, 1970ರಲ್ಲಿ, ರಾಬರ್ಟ್ ಗ್ರೀನ್‌ಲೀಫ್ ಹೇಳಿದ್ದು ಸರ್ವೆಂಟ್ ಲೀಡರ್‌ಶಿಪ್ಪು. ನಾಯಕನಾಗುವವನು ಮೊದಲು ಸೇವೆ ಮಾಡುವವನಾಗಿರಬೇಕು ಅಂತ. ಈ ಮಹಾನುಭಾವ ಜೀವಮಾನದ ಬಹುಪಾಲು ದುಡಿದದ್ದು ಟೆಲಿಫೋನ್ ಕಂಪನಿಯಲ್ಲಿ. ಟೆಲಿಫೋನ್ ಆಫೀಸಿನಿಂದ ಸೇವಾಭಾವ ಹೊರಟಿತು ಅಂದರೆ, ಫೋನು ಸತ್ತಾಗ ಕಂಪ್ಲೇಂಟ್ ಬರೆಸಿ ಕಾದ ನಮ್ಮ ತಲೆಮಾರಿನವರು ನಂಬುವುದು ಕಷ್ಟ. ಆಮೇಲೆ ಡಿಸ್ಟ್ರಿಬ್ಯೂಟೆಡ್ ಲೀಡರ್‌ಶಿಪ್ಪು, ಅಂದರೆ ನಾಯಕತ್ವವನ್ನು ಹಂಚಿಕೊಂಡು ನಡೆಸುವುದು. ಮತ್ತೊಂದು ಇನ್‌ಸ್ಟ್ರಕ್ಷನಲ್ ಲೀಡರ್‌ಶಿಪ್ಪು. ಎಚ್ಚೆಮ್ ಆದವರು ಕುರ್ಚಿ ಬಿಟ್ಟು ತರಗತಿಗೆ ಹೋಗಿ ಪಾಠ ಹೇಗಾಗುತ್ತಿದೆ ಅಂತ ನೋಡಬೇಕು ಅನ್ನುವುದು.

“ಇದನ್ನೆಲ್ಲ ನಾನು ಮಾಡಿ ಬಿಟ್ಟಿದ್ದೀನಮ್ಮ” ಅಂದೆ. “ನಮ್ಮ ಶಾಲೆಯಲ್ಲಿ ಜವಾನನ ಪೋಸ್ಟ್ ಖಾಲಿಯಿತ್ತು. ಗಂಟೆ ಹೊಡೆಯುತ್ತಿದ್ದದ್ದು ನಾನೇ, ಬೀಗ ತೆಗೆಯುತ್ತಿದ್ದದ್ದೂ ನಾನೇ. ಅದು ನಿಮ್ಮ ಗ್ರೀನ್‌ಲೀಫು. ಅರ್ಧ ಜನ ಮೇಷ್ಟ್ರನ್ನು ಎಲೆಕ್ಷನ್ ಡ್ಯೂಟಿಗೆ, ಉಳಿದರ್ಧವನ್ನು ಜನಗಣತಿಗೆ ಹಾಕಿದಾಗ ಏಳನೇ ಕ್ಲಾಸಿನ ಹುಡುಗಿ ಎರಡನೇ ಕ್ಲಾಸಿಗೆ ಮಗ್ಗಿ ಹೇಳಿಸುತ್ತಿದ್ದಳು. ಅದು ಡಿಸ್ಟ್ರಿಬ್ಯೂಟೆಡ್ಡು. ಬಿಸಿಯೂಟದ ಸಾರು ರುಚಿ ನೋಡಿ, ಬೇಳೆ ಎಲ್ಲಮ್ಮ ಅಂತ ಕೇಳಿದ ಮೇಲೆ ಮಾರನೇ ದಿನದಿಂದ ಸಾರು ಗಟ್ಟಿಯಾಯಿತಲ್ಲ, ಅದು ಟ್ರಾನ್ಸ್‌ಫಾರ್ಮೇಷನಲ್ಲು.”

“ಮತ್ತೆ ಇನ್‌ಸ್ಟ್ರಕ್ಷನಲ್ಲು?”

“ಅದಕ್ಕೆ ಟೈಮ್ ಎಲ್ಲಿತ್ತು?”

ಮಗಳು ಅದನ್ನು ನೋಟ್ ಮಾಡಿಕೊಂಡಳು. ಥೀಸಿಸ್ಸಿಗೋ, ನನ್ನ ಬಾಯಿ ಮುಚ್ಚಿಸಲಿಕ್ಕೋ ಗೊತ್ತಾಗಲಿಲ್ಲ.

ಈ ಪದವಿಯನ್ನು ಗೇಲಿ ಮಾಡಿದವನು ನಾನೊಬ್ಬನೇ ಅಲ್ಲ, ದೊಡ್ಡದೊಂದು ಗುಂಪೇ ಇದೆ. ಹಾರ್ವರ್ಡ್ ಮೊದಲ ಎಡ್.ಡಿ. ಕೊಟ್ಟದ್ದು 1921ರಲ್ಲಿ. ಅಂದಿನಿಂದಲೂ ಪಿಎಚ್.ಡಿ.ಯವರು ಇದನ್ನು ಕಿರಿಯ ಸೊಸೆಯ ಜಾಗದಲ್ಲೇ ಇಟ್ಟಿದ್ದಾರೆ. 2005ರಲ್ಲಿ ಆರ್ಥರ್ ಲೆವಿನ್ ಒಂದು ವರದಿ ಬರೆದು, ಶಾಲಾ ಆಡಳಿತಗಾರರಿಗೆ ಈ ಡಾಕ್ಟರೇಟೇ ಬೇಡ, ಎಂಬಿಎ ಥರದ ಒಂದು ಗಟ್ಟಿ ಮಾಸ್ಟರ್ಸ್ ಸಾಕು ಅಂದುಬಿಟ್ಟರು. ಅಂದವರು ಯಾರೋ ದಾರಿಹೋಕರಲ್ಲ, ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನ ಆಗಿನ ಅಧ್ಯಕ್ಷರು. ಹಾರ್ವರ್ಡ್ ಸಹ 2010ರಲ್ಲಿ ಎಡ್.ಎಲ್.ಡಿ. ಅಂತ ಇನ್ನೊಂದನ್ನು ಶುರು ಮಾಡಿ, ಮುಂದೆ ಹಳೆಯದನ್ನು ಕೈಬಿಟ್ಟು ಪಿಎಚ್.ಡಿ.ಗೆ ತಿರುಗಿತು. ಜಿಲ್ ಬೈಡನ್ ತಮ್ಮ 55ನೇ ವಯಸ್ಸಿನಲ್ಲಿ, 2007ರಲ್ಲಿ, ಡೆಲವೇರ್ ವಿಶ್ವವಿದ್ಯಾಲಯದಿಂದ ಇದೇ ಶೈಕ್ಷಣಿಕ ನಾಯಕತ್ವದ ಎಡ್.ಡಿ. ಪಡೆದರು. ಕಮ್ಯುನಿಟಿ ಕಾಲೇಜಿಗೆ ಸೇರಿದ ಮಕ್ಕಳು ನಡುವೆ ಬಿಟ್ಟುಹೋಗದಂತೆ ಉಳಿಸಿಕೊಳ್ಳುವುದು ಹೇಗೆ ಅನ್ನುವುದು ಅವರ ವಿಷಯ. 2020ರ ಡಿಸೆಂಬರಿನಲ್ಲಿ, ಗಂಡ ಅಮೆರಿಕದ ಅಧ್ಯಕ್ಷರಾಗುವ ಹೊತ್ತಿಗೆ, ಒಬ್ಬ ಲೇಖಕರು ದೊಡ್ಡ ಪತ್ರಿಕೆಯಲ್ಲಿ ಆ ‘ಡಾ.’ ಬಿಟ್ಟುಬಿಡಮ್ಮಾ ಅಂತ ಬುದ್ಧಿ ಹೇಳಿ ಊರೆಲ್ಲ ಗಲಾಟೆಯಾಯಿತು. ಬುದ್ಧಿ ಹೇಳಿದವರ ಹೆಸರಿನ ಹಿಂದೆ ಗೌರವ ಡಾಕ್ಟರೇಟ್ ಒಂದು ಬಿಟ್ಟರೆ ಬೇರೆ ಇರಲಿಲ್ಲ. ನಮ್ಮ ಬಸ್ ಸ್ಟ್ಯಾಂಡಿನ ಫ್ಲೆಕ್ಸಿನವರಿಗೆ ಈ ಕಥೆ ಹೇಳಬೇಕು, ಇಷ್ಟಪಡುತ್ತಾರೆ.

ನನಗೆ ಮೆಚ್ಚುಗೆಯಾದವನು ಮಾತ್ರ ಶಕೀಲ್ ಓನೀಲ್. 7 ಅಡಿ 1 ಅಂಗುಲದ ಬ್ಯಾಸ್ಕೆಟ್‌ಬಾಲ್ ಆಟಗಾರ. ಆಟ ಬಿಟ್ಟ ಮೇಲೆ, 2012ರಲ್ಲಿ, ಮಯಾಮಿಯ ಬ್ಯಾರಿ ವಿಶ್ವವಿದ್ಯಾಲಯದಿಂದ ಎಡ್.ಡಿ. ತೆಗೆದುಕೊಂಡ. ಅವನು ಹುಡುಕಿದ್ದು, ನಾಯಕರಾದವರು ನಗಿಸಿ ಕೆಲಸ ತೆಗೆಯುತ್ತಾರೋ ಗದರಿಸಿ ತೆಗೆಯುತ್ತಾರೋ ಅನ್ನುವುದನ್ನು. ಆ ಎತ್ತರದವನು ಬಾಗಿಲಲ್ಲಿ ಬಂದು ನಿಂತರೆ ಎರಡರ ಅಗತ್ಯವೂ ಬೀಳುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಐದು ಅಡಿ ನಾಲ್ಕು ಅಂಗುಲದ ಎಚ್ಚೆಮ್ಮಿಗೇ ಆ ಸಂಶೋಧನೆ ನಿಜವಾಗಿ ಬೇಕಾಗಿದ್ದದ್ದು.

ಇಷ್ಟೆಲ್ಲ ಬೈಸಿಕೊಂಡ ಎಡ್.ಡಿ.ಯವರು 2007ರಿಂದ ಕಾರ್ನೆಗಿ ಹೆಸರಿನ ಒಂದು ಯೋಜನೆಯಡಿ ಒಟ್ಟಾಗಿ ಕೂತು, ತಮ್ಮ ಡಿಗ್ರಿಗೆ ತಮ್ಮದೇ ಒಂದು ದಾರಿ ಮಾಡಿಕೊಂಡರು. ಪಿಎಚ್.ಡಿ.ಯವರು ಜಗತ್ತಿಗೆ ಹೊಸ ಸಿದ್ಧಾಂತ ಕೊಡಲಿ. ಎಡ್.ಡಿ.ಯವರು ತಾವು ದಿನಾ ಕೆಲಸ ಮಾಡುವ ಜಾಗದಲ್ಲೇ ಕಾಡುವ ಒಂದು ತೊಂದರೆಯನ್ನು ಹಿಡಿದು, ಅದು ಯಾಕೆ, ಏನು ಮಾಡಿದರೆ ಕಡಿಮೆಯಾಗುತ್ತದೆ ಅಂತ ನೋಡಲಿ. ಅವರ ಭಾಷೆಯಲ್ಲಿ ಇದು ‘ಪ್ರಾಬ್ಲಮ್ ಆಫ್ ಪ್ರಾಕ್ಟೀಸ್’. ಮಗಳು ಹಿಡಿದಿದ್ದದ್ದು ಗೈರುಹಾಜರಿ. ಅಲ್ಲಿ ವರ್ಷಕ್ಕೆ 180 ದಿನ ಶಾಲೆ. ನೂರಕ್ಕೆ ಹತ್ತು ದಿನ, ಅಂದರೆ 18 ದಿನ ತಪ್ಪಿಸಿಕೊಂಡರೆ ಆ ಮಗುವಿನ ಗೈರುಹಾಜರಿ ದೀರ್ಘಕಾಲದ್ದು ಅಂತ ಲೆಕ್ಕ. ಕೋವಿಡ್‌ಗೆ ಮುಂಚೆ ದೇಶದಾದ್ಯಂತ ಸುಮಾರು ಶೇ 15ರಷ್ಟು ಮಕ್ಕಳು ಹೀಗಿದ್ದರು. 2021–22ರಲ್ಲಿ ಅದು ಸುಮಾರು ಶೇ 28ಕ್ಕೆ ಏರಿತ್ತು.

“ಇದಕ್ಕೆ ಡಾಕ್ಟರೇಟ್ ಯಾಕೆ? ಬೆಳಿಗ್ಗೆ ಪ್ರೇಯರಿನಲ್ಲಿ ಎದ್ದು ನಿಲ್ಲಿಸಿ, ಯಾಕೋ ನಿನ್ನೆ ಬರಲಿಲ್ಲ ಅಂತ ಕೇಳು” ಅಂದೆ.

ಕೇಳುವಂತಿಲ್ಲವಂತೆ. ಸಂಶೋಧನೆಗಾಗಿ ಒಂದು ಮಗುವನ್ನು ಒಂದು ಪ್ರಶ್ನೆ ಕೇಳಬೇಕಾದರೂ ಐ.ಆರ್.ಬಿ. ಅಂತ ವಿಶ್ವವಿದ್ಯಾಲಯದ ನೀತಿ ಸಮಿತಿಯ ಅಪ್ಪಣೆ ಬೇಕು. ತಂದೆತಾಯಿಯ ಸಹಿ ಬೇಕು, ಮಗುವಿನ ಒಪ್ಪಿಗೆಯೂ ಬೇಕು. ಅದರ ಮೇಲೆ, ಇವಳೇ ಆ ಶಾಲೆಯ ವೈಸ್ ಪ್ರಿನ್ಸಿಪಾಲ್ ಆದ್ದರಿಂದ, ಹೂಂ ಅಂದವರು ಮನಸ್ಸಿನಿಂದ ಅಂದರೋ ಹೆದರಿ ಅಂದರೋ ಅನ್ನುವುದಕ್ಕೂ ಸಮಿತಿಗೆ ಸಮಾಧಾನ ಹೇಳಬೇಕು. ಬೇಡ ಅಂದವರ ಮಗುವಿಗೆ ಏನೂ ತೊಂದರೆಯಾಗುವುದಿಲ್ಲ ಅಂತ ಬರೆದುಕೊಡಬೇಕು. ನಾನು ಆ ನಮೂನೆಯನ್ನು ಓದಿದೆ, ಇನ್ನೊಂದು ಸಲ ಓದಿದೆ. ನಮ್ಮೂರಿನಲ್ಲಿ ಎಚ್ಚೆಮ್ ಏನು ಕೇಳಿದರೂ ತಾಯಂದಿರು ಸೆರಗು ಸರಿಮಾಡಿಕೊಂಡು ಹೂಂ ಅನ್ನುತ್ತಿದ್ದರು. ಆ ಹೂಂಗಳನ್ನೆಲ್ಲ ಈ ಸಮಿತಿಯ ಮುಂದಿಟ್ಟರೆ ಒಂದೂ ಪಾಸಾಗುವುದಿಲ್ಲ.

ನಮ್ಮ ಶಾಲೆಯಲ್ಲಿ ಸಂತೆಯ ದಿನ ಹಾಜರಿ ಅರ್ಧಕ್ಕಿಳಿಯುತ್ತಿತ್ತು. ಹುಣಸೆಹಣ್ಣಿನ ಕಾಲದಲ್ಲಂತೂ, ಹಣ್ಣು ಬಡಿದು, ಓಡು ತೆಗೆದು, ಬೀಜ ಕುಟ್ಟುವ ಮನೆಗಳ ಮಕ್ಕಳು ವಾರಗಟ್ಟಲೆ ಪತ್ತೆಯಿರುತ್ತಿರಲಿಲ್ಲ. ಯಾವ ಮನೆಗೆ ಎಷ್ಟು ಮರದ ಗುತ್ತಿಗೆ, ಯಾವ ಹುಡುಗಿ ತಮ್ಮನನ್ನು ನೋಡಿಕೊಳ್ಳಲು ಉಳಿದಿದ್ದಾಳೆ, ಯಾವ ಹುಡುಗ ಸಂತೆಯಲ್ಲಿ ಅಜ್ಜಿಯ ಪಕ್ಕ ಕೂತು ಸೊಪ್ಪಿಗೆ ನೀರು ಚಿಮುಕಿಸುತ್ತಿದ್ದಾನೆ, ಎಲ್ಲ ನನಗೆ ಗೊತ್ತಿತ್ತು. ಆದರೆ ಮೇಲಿನಿಂದ ತಿಂಗಳು ತಿಂಗಳೂ ಬರುತ್ತಿದ್ದ ನಮೂನೆಯಲ್ಲಿ ಎಷ್ಟು ಮಕ್ಕಳು ಬಂದರು ಅನ್ನುವುದಕ್ಕೆ ಕಾಲಂ ಇತ್ತು, ಎಷ್ಟು ಬರಲಿಲ್ಲ ಅನ್ನುವುದಕ್ಕೆ ಕಾಲಂ ಇತ್ತು, ಯಾಕೆ ಅನ್ನುವುದಕ್ಕೆ ಇರಲಿಲ್ಲ. ಶೇಕಡಾ ಹಾಕಿ ಕಳಿಸುತ್ತಿದ್ದೆ. ಅಲ್ಲಿಂದ ಮತ್ತೆ ಒಂದು ಸಾಲು: ‘ಹಾಜರಾತಿ ಉತ್ತಮಪಡಿಸಿ ವರದಿ ಮಾಡುವುದು.’ ನಾನು ವರದಿಯನ್ನು ಉತ್ತಮಪಡಿಸಿ ಕಳಿಸುತ್ತಿದ್ದೆ.

ಮಗಳು ಇಷ್ಟು ಡಾಲರು ಸುರಿದು ಕೊಂಡದ್ದು ಏನು ಅನ್ನುವುದು ನನಗೆ ಹೊಳೆದದ್ದು ಆಗ. ಪುಸ್ತಕವಲ್ಲ, ಪುಸ್ತಕ ಲೈಬ್ರರಿಯಲ್ಲಿ ಪುಕ್ಕಟೆ ಸಿಗುತ್ತದೆ. ಕೆಲಸದ ನಡುವೆ ಕೂತು, ಇದು ಯಾಕೆ ಹೀಗೆ ಅಂತ ಕೇಳಿಕೊಳ್ಳುವ ಬಿಡುವನ್ನು ಅವಳು ಕೊಂಡಿದ್ದಾಳೆ. ಉತ್ತರ ಬರೆಯದೆ ಇದ್ದರೆ ಹಿಂದೆ ಬಿದ್ದು ಕೇಳುವ ಒಬ್ಬ ಗೈಡನ್ನೂ ಕೊಂಡಿದ್ದಾಳೆ. ನನಗೆ ಸರ್ವಿಸ್ ಪೂರ್ತಿ ಉತ್ತರ ಗೊತ್ತಿತ್ತು, ಪ್ರಶ್ನೆ ಕೇಳುವವರೇ ಸಿಗಲಿಲ್ಲ. ಬಿಡುವನ್ನು ದುಡ್ಡು ಕೊಟ್ಟು ಕೊಳ್ಳಬೇಕಾದ ಸ್ಥಿತಿ ಅಮೆರಿಕದ ಶಾಲೆಗಳಿಗೂ ಬಂದಿದೆ ಅಂದರೆ, ಎಚ್ಚೆಮ್ಮುಗಳ ಹಣೆಬರಹ ಎಲ್ಲ ಖಂಡದಲ್ಲೂ ಒಂದೇ ಕೈಬರಹ.

ಊರಿಗೆ ವಾಪಸ್ಸಾದ ಮೇಲೆ ನನಗೂ ಆಸೆ ಹತ್ತಿತು. ಹುಣಸೆಹಣ್ಣು ಮತ್ತು ಹಾಜರಿ ಅಂತ ವಿಷಯವೂ ರೆಡಿ. ಮೊಬೈಲಿನಲ್ಲಿ ‘ಮನೆಯಲ್ಲೇ ಕೂತು ಡಾಕ್ಟರೇಟ್’ ಅಂತ ಜಾಹೀರಾತುಗಳು ಸಾಲುಗಟ್ಟಿದವು. ಆದರೆ ನಮ್ಮ ದೇಶದಲ್ಲಿ ಆ ಆಟ ನಡೆಯುವುದಿಲ್ಲ. ವಿದೇಶಿ ಸಂಸ್ಥೆಗಳ ಜೊತೆ ಸೇರಿ ಎಡ್‌ಟೆಕ್ ಕಂಪನಿಗಳು ಕೊಡುವ ಆನ್‌ಲೈನ್ ಪಿಎಚ್.ಡಿ.ಗೆ ಮಾನ್ಯತೆ ಇಲ್ಲ ಅಂತ ಯುಜಿಸಿ ಮತ್ತು ಎಐಸಿಟಿಇ 2022ರ ಅಕ್ಟೋಬರಿನಲ್ಲೇ ಎಚ್ಚರಿಕೆ ಕೊಟ್ಟಿವೆ. ಮುಂದಿನ ತಿಂಗಳೇ ಬಂದ ಯುಜಿಸಿ ನಿಯಮಾವಳಿ, ದೂರಶಿಕ್ಷಣದಲ್ಲೂ ಆನ್‌ಲೈನಿನಲ್ಲೂ ಪಿಎಚ್.ಡಿ. ಕೂಡದು ಅನ್ನುತ್ತದೆ. ಪಾರ್ಟ್ ಟೈಮ್ ಮಾಡಬಹುದು. ಕನಿಷ್ಠ ಮೂರು ವರ್ಷ, ಗರಿಷ್ಠ ಆರು. 12 ಕ್ರೆಡಿಟ್ಟಿಗೆ ಕಡಿಮೆಯಿಲ್ಲದ ಕೋರ್ಸ್‌ವರ್ಕು. ಎಂ.ಎ.ಯಲ್ಲಿ ಸಾಮಾನ್ಯವಾಗಿ ಶೇ 55 ಇರಬೇಕು. ನನ್ನದು ಎಷ್ಟು ಅನ್ನುವುದು ಇಲ್ಲಿ ಅಪ್ರಸ್ತುತ. ಕೆಲಸದಲ್ಲಿರುವವರು ತಮ್ಮ ಮೇಲಧಿಕಾರಿಯಿಂದ ಎನ್‌ಒಸಿ ತರಬೇಕು.

ರಿಟೈರಾದವನಿಗೆ ಮೇಲಧಿಕಾರಿ ಯಾರು ಅಂತ ಬಹಳ ಹುಡುಕಬೇಕಾಗಲಿಲ್ಲ. ಅಡುಗೆಮನೆಗೆ ಹೋಗಿ ವಿಷಯ ಮಂಡಿಸಿದೆ. ಪೂರ್ತಿ ಕೇಳಿಸಿಕೊಂಡಳು.

“ಆರು ವರ್ಷದಲ್ಲಿ ಮುಗಿಸ್ತೀರಾ? ಸ್ಟೋರ್ ರೂಮಿನ ಬಲ್ಬು ಹೋಗಿ ಎಷ್ಟು ವರ್ಷ ಆಯ್ತು ಗೊತ್ತೇನ್ರೀ ನಿಮಗೆ?”

“ಅದು ಯಾಕೆ ಹೋಯಿತು ಅಂತ ಅಧ್ಯಯನ ಆಗಬೇಕಲ್ಲ!”

“ಆಗಲಿ, ಬೇಡ ಅನ್ನಲ್ಲ. ಮೊದಲು ಕೋರ್ಸ್‌ವರ್ಕ್ ಮುಗಿಸಿ” ಅಂದವಳೇ, ಒಂದು ಮೊರದ ತುಂಬ ಅವರೆಕಾಯಿ ತಂದು ನನ್ನ ಮುಂದಿಟ್ಟಳು. “ಸುಲಿದು ಇಡಿ. ಭಾನುವಾರ ರಾತ್ರಿವರೆಗೆ ಟೈಮ್ ಕೊಡೋಕೆ ನಾನೇನು ಅಮೆರಿಕದ ಯೂನಿವರ್ಸಿಟಿ ಅಲ್ಲ. ಹನ್ನೊಂದೂವರೆಗೆ ಒಗ್ಗರಣೆ.”